ಒಂದೇ ಶಬ್ದದ ಮಾಸ್ತರು

ಶಹಾಬಾದಿನ ಹೈಸ್ಕೂಲಿಗೆ ಕನ್ನಡ ಕಲಿಸಲು ನಾನು ಸೇರಿದ ದಿನ ಮೆಟ್ರಿಕ್ ಕ್ಲಾಸು ಕಾಣೆಯಾಗಿತ್ತು. ಕೋಣೆಯಲ್ಲಿ ಬೆಂಚುಗಳಿದ್ದವು, ಕರಿಹಲಗೆಯಿತ್ತು. ಹುಡುಗರೂ ಇರಲಿಲ್ಲ, ಮಾಸ್ತರೂ ಇರಲಿಲ್ಲ. ಹೋಗಿ ಹೆಡ್‌ಮಾಸ್ತರಿಗೆ ಹೇಳಿದೆ. ಅವರು ಏನೋ ಬರೆಯುತ್ತಿದ್ದರು, ತಲೆ ಎತ್ತಲಿಲ್ಲ.

“ಇಂಗ್ಲಿಷ್ ಪೀರಿಯಡ್ ಅದ ಏನು? ಹಾಂಗಾದ್ರ ಊರಾಗ ನೋಡ್ರಿ. ಎಲ್ಲಿ ಮಂದಿ ಸುಮ್ಮ ಕುಂತು ಏನರ ನೋಡ್ಲಿಕತ್ತಿರ್ತಾರ, ಅದೇ ನಮ್ಮ ಮೆಟ್ರಿಕ್ ಕ್ಲಾಸು.”

ದೂರ ಹೋಗಬೇಕಾಗಲಿಲ್ಲ. ಶಾಲೆಯ ಹಿಂದಿನ ಓಣಿಯಲ್ಲಿ ಯಾರದೋ ಹೊಸ ಮನೆಯ ಕಟ್ಟೆಗೆ ಗೌಂಡಿ ಆಗಷ್ಟೇ ಸಿಮೆಂಟು ಬಳಿದು ಬೀಡಿ ಸೇದಲು ಎದ್ದು ಹೋಗಿದ್ದ. ಅದರ ಸುತ್ತ ಹುಡುಗರು ಕುಕ್ಕರಗಾಲಲ್ಲಿ ಕೂತು ಸಿಮೆಂಟನ್ನೇ ನೋಡುತ್ತಿದ್ದರು. ನಡುವೆ, ಆ ಬಿಸಿಲಿನಲ್ಲೂ ಕಪ್ಪು ಶೇರವಾನಿಯ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿಕೊಂಡ ಒಬ್ಬ ಹಿರಿಯರು ಕೂತಿದ್ದರು.

“ಏನ್ ನೋಡ್ಲಿಕತ್ತೀರಿ?” ಎಂದೆ.

“ಸೆಟ್ ಆಗೂದು ನೋಡ್ಲಿಕತ್ತೀವ್ರೀ,” ಎಂದ ಒಬ್ಬ ಹುಡುಗ.

“ಎಷ್ಟೊತ್ತು ನೋಡ್ತೀರಿ?”

“ಆಗೂತನಾ ನೋಡ್ತೀವ್ರೀ.”

ಹಿರಿಯರು ನನ್ನ ಕಡೆ ತಿರುಗಿದರು. “ಹೊಸಾ ಪಂಡಿತ್ರೇನ್ರೀ? ಬರ್ರಿ, ಕುಂದ್ರಿ. ಕೈ ಹಚ್ಚಬ್ಯಾಡ್ರಿ, ಇನ್ನಾ ಹಸಿ ಅದ.”

ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೇ ಇದರ ಮೇಲೆ ನಂಬಿಕೆಯಿಲ್ಲ. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರು, ಕ್ಲಾಸು ಹುಡುಕಲು ಹೋದದ್ದು ತಾವೇ, ನಾನು ಆಗಿನ್ನೂ ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಬರೆಯುತ್ತಿದ್ದೆ, ಅವರಿಂದ ಕೇಳಿದ್ದನ್ನು ನನ್ನದು ಮಾಡಿಕೊಂಡಿದ್ದೇನೆ ಎನ್ನುತ್ತಿದ್ದರು. ಇರಬಹುದು. ಕಟ್ಟೆಯೋ, ಬಾವಿಯ ಗೋಡೆಯೋ ಎಂಬುದೂ ಖಚಿತವಿಲ್ಲ. ಆದರೆ “ಹೊಸಾ ಪಂಡಿತ್ರೇನ್ರೀ” ಎಂದು ಡ್ರಾಯಿಂಗ್ ಮಾಸ್ತರನ್ನು ಯಾರೂ ಕೇಳುವಂತಿರಲಿಲ್ಲ, ಪಂಡಿತರೆಂದರೆ ಆಗ ಕನ್ನಡ ಕಲಿಸುವವರು ಮಾತ್ರ. ನನ್ನ ಬಳಿ ಇರುವ ಪುರಾವೆ ಇಷ್ಟೇ.

ಶೇರವಾನಿಯ ಆ ಹಿರಿಯರು ತೀರಿಕೊಂಡ ಸುದ್ದಿ ಕೊಟ್ಟದ್ದು ಅವರ ಒಬ್ಬ ಹಳೆಯ ವಿದ್ಯಾರ್ಥಿ. ವಾಡಿ ಸ್ಟೇಷನ್ನಿನಲ್ಲಿ ಸಿಕ್ಕು, “ಸರ್, ನಮ್ಮ ಸೆಟ್ ಮಾಸ್ತರು ಸೇಡಂದಾಗ ಹೋಗಿಬಿಟ್ರು,” ಎಂದ. ಅವರ ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಶಹಾಬಾದಿನಲ್ಲಿ ಅವರಿಗೆ ಬೇರೆ ಹೆಸರಿತ್ತು ಎಂಬುದು ಪಗಾರ ಹಂಚುವ ಗುಮಾಸ್ತನಿಗೆ ಮಾತ್ರ ಗೊತ್ತಿದ್ದ ಸಂಗತಿ.

ಅವರು ಕಲಿಸುತ್ತಿದ್ದದ್ದು ಇಂಗ್ಲಿಷು. ಆದರೆ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗಿನಿಂದ ದೀಪಾವಳಿಯ ತನಕ ಕಲಿಸುತ್ತಿದ್ದದ್ದು ಒಂದೇ ಶಬ್ದ, ಸೆಟ್. ಇದಕ್ಕೆ ಅವರ ಬಳಿ ಒಂದು ವಾದವಿತ್ತು. ಇಂಗ್ಲಿಷಿನ ಉದ್ದುದ್ದ ಶಬ್ದಗಳೆಲ್ಲ ಬೇರೆ ಊರಿನ ಅಧಿಕಾರಿಗಳಿದ್ದಂತೆ. ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತವೆ. ಮನೆಯ ಮಂದಿ ಎಂದರೆ ಸಣ್ಣ ಶಬ್ದಗಳು. ಅವರಲ್ಲಿ ಒಬ್ಬನನ್ನು ಹಿಡಿದು ಅವನ ಬೀಗರು, ಭಾವಮೈದುನರು, ದಾಯಾದಿಗಳು ಎಲ್ಲರ ಗುರುತು ಮಾಡಿಕೊಂಡರೆ ಆಮೇಲೆ ಆ ಊರಿನಲ್ಲಿ ನೀವು ಉಪವಾಸ ಬೀಳುವುದಿಲ್ಲ.

“ಇಂಗ್ಲಿಷಿನವ್ರಿಗೂ ಮನಿ ಅಂತ ಇರ್ತದಲ್ರೀ ಪಂಡಿತ್ರ,” ಎನ್ನುತ್ತಿದ್ದರು. “ಮನ್ಯಾಗ ಅವ್ರು ಗ್ರಾಮರ್ ಮಾತಾಡ್ತಾರೇನು? ಗಡಿಯಾರ ಸೆಟ್ ಮಾಡು, ಊಟಕ್ಕ ಸೆಟ್ ಮಾಡು, ಕೋಳಿ ಸೆಟ್ ಮಾಡು ಅಂತಿರ್ತಾರ.”

ಅರ್ಥವನ್ನು ಕರಿಹಲಗೆಯ ಮೇಲೆ ಬರೆಯುವುದು ಅವರ ಜಾಯಮಾನವಲ್ಲ. ಅರ್ಥ ಎಲ್ಲಿ ಕೆಲಸ ಮಾಡುತ್ತಿದೆಯೋ ಅಲ್ಲಿಗೆ ಕ್ಲಾಸನ್ನು ಕರೆದುಕೊಂಡು ಹೋಗಬೇಕು. ಗಡಿಯಾರ ರಿಪೇರಿಯವನ ಅಂಗಡಿ, ರೇಡಿಯೋ ಅಂಗಡಿ, ಬಯಲಿನಲ್ಲಿ ಡೇರೆ ಹಾಕಿದ್ದ ನಾಟಕದವರ ಪರದೆ, ಯಾರದೋ ಮನೆಯ ಹಿತ್ತಲಲ್ಲಿ ಕಾವಿಗೆ ಕೂತ ಕೋಳಿ, ಎಲ್ಲವೂ ಅವರ ಪಠ್ಯಪುಸ್ತಕಗಳೇ. ಸೂರ್ಯ ಮುಳುಗುವುದಕ್ಕೂ ಇಂಗ್ಲಿಷಿನವರು ಇದೇ ಶಬ್ದ ಹಚ್ಚುತ್ತಾರೆಂದು ತೋರಿಸಲು ಒಂದು ಸಂಜೆ ಹುಡುಗರನ್ನು ಕಲ್ಲು ಗಣಿಯ ಅಂಚಿಗೆ ಕರೆದೊಯ್ದಿದ್ದರು. ಆ ದಿನ ಮೋಡವಿತ್ತು. ಮರುದಿನ ಮತ್ತೆ ಹೋದರು.

ಒಮ್ಮೆ ಒಬ್ಬ ಹುಡುಗ ಶಾಲೆಯ ಬೇವಿನ ಮರದಿಂದ ಬಿದ್ದು ಕೈ ಮುರಿದುಕೊಂಡ. ಭಂಕೂರಿನಲ್ಲಿ ಎಲುಬು ಕೂಡಿಸುವವನೊಬ್ಬನಿದ್ದ. ಹುಡುಗನನ್ನು ಚಕ್ಕಡಿಯಲ್ಲಿ ಮಲಗಿಸಿ, ಹಿಂದೆ ಇಡೀ ಕ್ಲಾಸನ್ನು ನಡೆಸಿಕೊಂಡು ಮಾಸ್ತರು ಭಂಕೂರಿಗೆ ಹೊರಟರು. ಅಲ್ಲಿ ಎಲುಬಿನವನು ಕೈ ಹಿಡಿದು ಎಳೆಯುವ ಹೊತ್ತಿಗೆ ಹುಡುಗನ ಬಾಯಿಗೆ ತಮ್ಮ ಕರವಸ್ತ್ರ ಕೊಟ್ಟು, ಒಂದು ಕೈಯಿಂದ ಅವನ ತಲೆ ಸವರುತ್ತ, ಉಳಿದವರಿಗೆ ಹೇಳಿದರಂತೆ: “ಎಲ್ರೂ ಹತ್ರ ಬರ್ರಿ. ಈಗ ಒಂದ್ ಹೊಸಾ ಅರ್ಥ ಬರ್ಲಿಕತ್ತದ.” ಆ ಹುಡುಗ ಈಗ ಅಜ್ಜನಾಗಿದ್ದಾನೆ. ಕೈ ಇನ್ನೂ ಸ್ವಲ್ಪ ಡೊಂಕೇ. ಆದರೆ ಆ ಅರ್ಥ ಮಾತ್ರ ಇವತ್ತಿನ ತನಕ ಮರೆತಿಲ್ಲ ಎನ್ನುತ್ತಾನೆ.

ಹೆಡ್‌ಮಾಸ್ತರಿಗೆ ಅವರ ಮೇಲೆ ಸಿಟ್ಟಿತ್ತು, ಆದರೆ ಕ್ಲಾಸು ಊರು ಅಲೆಯುವುದಕ್ಕಲ್ಲ. ಹೆಡ್‌ಮಾಸ್ತರು ಆಗಷ್ಟೇ ಸೊಲ್ಲಾಪುರಕ್ಕೆ ಹೋಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದಿದ್ದರು. ಸುದ್ದಿ ಗುಟ್ಟಾಗಿತ್ತು, ಎಂದರೆ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ದಿನ ನಮ್ಮ ಮಾಸ್ತರು ಹುಡುಗರನ್ನು ಆಫೀಸಿನ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ ಒಳಗೆ ಹೋಗಿ, ಬಹಳ ಮರ್ಯಾದೆಯಿಂದ ಕೇಳಿದರು: “ಸಾಹೇಬ್ರ, ಒಂದ್ ಐದ್ ಮಿನಿಟ್ ಹಲ್ಲು ಕೊಡ್ತೀರೇನು? ನೋಡಿ ವಾಪಸ್ ಕೊಡ್ತೀವಿ.” ಈ ಪ್ರಸಂಗಕ್ಕೆ ನಾನು ಸಾಕ್ಷಿಯಾಗಿದ್ದೆ. ಇದನ್ನು ಡ್ರಾಯಿಂಗ್ ಮಾಸ್ತರೂ ಒಪ್ಪುತ್ತಿದ್ದರು.

ವಿಚಿತ್ರವೆಂದರೆ, ಇಂಗ್ಲಿಷನ್ನು ಹೀಗೆ ಹಿತ್ತಲು ಅಂಗಳಗಳಲ್ಲಿ ಆಡಿಸುತ್ತಿದ್ದ ಈ ಮನುಷ್ಯ ಕನ್ನಡದಲ್ಲಿ ನಪಾಸಾಗಿದ್ದರು. ಅದೂ ಎರಡು ಸಲ.

ಅವರು ಸೇಡಮ್ಮಿನ ಕನ್ನಡದ ಮನೆಯವರು. ಓದಿದ್ದು ಮಾತ್ರ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ, ಮೊದಲಿನಿಂದ ಕೊನೆಯ ತನಕ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಕನ್ನಡ ಓದದ ನೌಕರರೆಲ್ಲ ಕನ್ನಡ ಪರೀಕ್ಷೆ ಪಾಸಾಗಬೇಕೆಂದು ಹುಕುಂ ಬಂತು. ಅಕ್ಷರಗಳನ್ನು ಅವರಿಗೆ ಹೇಳಿಕೊಟ್ಟದ್ದು ಅವರ ಹೆಂಡತಿ. ನಾವೆಲ್ಲ ಅವರನ್ನು ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದೆವು. ಮೊದಲ ದಿನ ಮಾಸ್ತರು ಉರ್ದು ಪುಸ್ತಕದ ರೂಢಿಯಲ್ಲಿ ಬಾಲಬೋಧೆಯನ್ನು ಹಿಂದಿನ ಪುಟದಿಂದ ತೆರೆದು, “ಭಾಳ ಕಠಿಣ ಅದ, ಇದು ಕಡೀ ಪಾಠ ಇದ್ದಂಗ ಅದ,” ಎಂದಿದ್ದರಂತೆ. ಅಂತೂ ಬರವಣಿಗೆಯಲ್ಲಿ ಪಾಸಾದರು. ನಪಾಸಾದದ್ದು ಬಾಯಿಮಾತಿನ ಪರೀಕ್ಷೆಯಲ್ಲಿ.

ಇದು ನನಗೆ ಅರ್ಥವಾಗದ ಸಂಗತಿಯಾಗಿತ್ತು. ಮುಂಜಾನೆ ಹಾಲಿನವಳೊಡನೆ ಶುರುವಾದ ಅವರ ಕನ್ನಡ ರಾತ್ರಿ ಮಲಗುವ ತನಕ ನಿಲ್ಲುತ್ತಿರಲಿಲ್ಲ. ಅಂಥವರು ಕನ್ನಡ ಮಾತಾಡಲು ಬರುವುದಿಲ್ಲ ಎಂದು ನಪಾಸಾಗುವುದು ಹೇಗೆ?

ಮೂರನೆಯ ಸಲದ ಪರೀಕ್ಷೆ ಕೊನೆಯದು, ಈ ಸಲ ಹೋದರೆ ನೌಕರಿಯೇ ಹೋಗುತ್ತದೆ ಎಂದು ಕಾಗದ ಬಂದಾಗ ಹೆಡ್‌ಮಾಸ್ತರು ನನ್ನನ್ನು ಕರೆಸಿದರು.

“ಪಂಡಿತ್ರ, ನೀವು ಇವ್ರಿಗಿ ಒಂದಿಷ್ಟು ಕನ್ನಡ ಮಾತಾಡೂದು ಕಲಸ್ರಿ. ಇವ್ರು ಹೋದ್ರ ನನಗ ಹಲ್ಲಿನ ಕಾಟ ತಪ್ತದ, ಖರೇ. ಆದ್ರ ಈ ಸಿಮೆಂಟ್ ಫ್ಯಾಕ್ಟರಿ ಧೂಳಿಗಿ ಇಂಗ್ಲಿಷ್ ಕಲಸೋರು ಬ್ಯಾರೆ ಯಾರ್ ಬರ್ತಾರ?”

ಹೀಗೆ ದಿನಾ ಶಾಲೆ ಬಿಟ್ಟ ಮೇಲೆ ಅವರ ಮನೆಯ ಪಡಸಾಲೆಯಲ್ಲಿ ಕೂರಲಾರಂಭಿಸಿದೆ. ಅವರು ಮನೆಗೆ ಬಂದವರೇ ಶೇರವಾನಿ ಕಳಚಿ ಗೂಟಕ್ಕೆ ಹಾಕಿ ಬನಿಯನ್ನಿನಲ್ಲಿ ಕೂರುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಆದರೂ ನಾನು ಬಂದ ಕೂಡಲೇ ಎದ್ದು ನಿಲ್ಲುತ್ತಿದ್ದರು. ಕಲಿಸಲು ಬಂದವನು ಎಂಬ ಮರ್ಯಾದೆ.

ನಾನಾಗ ಹೊಸ ಎಂ.ಎ. ಅವರ ತೊಂದರೆ ಏನೆಂದು ನನಗೆ ತಾನಾಗಿಯೇ ಹೊಳೆದುಬಿಟ್ಟಿತ್ತು. ಪರೀಕ್ಷಕರು ಬರುವುದು ಮೈಸೂರಿನ ಕಡೆಯಿಂದ, ಇವರ ಭಾಷೆ ಅವರ ಕಿವಿಗೆ ಹತ್ತುವುದಿಲ್ಲ, ಅಷ್ಟೇ. ಆದ್ದರಿಂದ ಅವರಿಗೆ ಪುಸ್ತಕದ ಕನ್ನಡ ಬಾಯಿಪಾಠ ಮಾಡಿಸತೊಡಗಿದೆ.

“‘ನಾನು ಪ್ರತಿದಿನ ಪ್ರಾತಃಕಾಲದಲ್ಲಿ ಏಳುತ್ತೇನೆ.’ ಹೇಳ್ರಿ.”

“ಹೇಳ್ತೀನಿ. ಆದ್ರ ಒಂದ್ ಮಾತು ಪಂಡಿತ್ರ. ಹಿಂಗ ಯಾರ ಮನ್ಯಾಗ ಮಾತಾಡ್ತಾರ?”

“ಯಾರ ಮನ್ಯಾಗೂ ಇಲ್ಲ.”

“ಹಾಂಗಾದ್ರ ಇದು ಅಧಿಕಾರಿಗಳ ಮಾತು. ಸಣ್ಣ ಶಬ್ದ ಏನರ ಕೊಡ್ರಿ.”

ಆಗ ಒಳಗಿನಿಂದ ವೈನಿಯ ದನಿ ಬಂತು. “ಏನ್ರೀ, ದೀಪ ಹಚ್ಚರಿ. ಹಾಂಗೇ ಆ ರೇಡಿಯೋ ಹಚ್ಚಿ ಬಾತ್ಮೀ ಏನ್ ಬಂದದ ಕೇಳ್ರಿ. ನಿಮ್ಮ ಮಗನ್ನೂ ಓದ್ಲಿಕ್ಕ ಹಚ್ಚರಿ, ಆಗಿಂದ ಗಾಳಿಪಟ ಹಿಡಕೊಂಡು ಕುಂತಾನ.”

ಮಾಸ್ತರು ಎದ್ದವರು ಎದ್ದಲ್ಲೇ ನಿಂತರು. “ಕೇಳಿದ್ರೇನು ಪಂಡಿತ್ರ? ಒಂದೇ ಉಸುರಿನ್ಯಾಗ ಮೂರು ಸೆಟ್ ಅಂದ್ಳು. ಇಂಗ್ಲಿಷಿನ ಸೆಟ್ಟಿಗಿ ನಮ್ಮ ಹಚ್ಚು ಸೋದರ ಮಾವ ಇದ್ದಂಗ ಅದ.”

“ಎಲ್ಲಾ ಕಡಿ ಕೂಡೂದಿಲ್ಲ ಸರ್,” ಎಂದೆ. ನನ್ನ ಸ್ವಭಾವವೇ ಹಾಗೆ. “ಮೊಸರಿಗೆ ಏನಂತೀರಿ?”

“ಹೆಪ್ಪ ಹಚ್ಚತಾರಲ್ಲ?”

“ಹೆಪ್ಪ ಹಾಕ್ತಾರ,” ಎಂದರು ವೈನಿ ಒಳಗಿನಿಂದಲೇ. “ಗೊತ್ತಿಲ್ದ ಕೆಲಸದ ಬಗ್ಗೆ ಮಾತಾಡಬ್ಯಾಡ್ರಿ. ದೀಪ ಹಚ್ಚರಿ ಮೊದಲ.”

ಅವತ್ತು ಹೊರಡುವಾಗ ವೈನಿ ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದರು: “ಹ್ಯಾಂಗರ ಮಾಡಿ ಪಾಸ್ ಮಾಡಸ್ರಿ. ನೌಕರಿ ಹೋದ್ರ ಸೇಡಂಕ್ಕ ಹೋಗಿ ಅಣ್ಣನ ಕಿರಾಣಿ ಅಂಗಡ್ಯಾಗ ಪುಡಕಿ ಕಟ್ಟಬೇಕು. ನೀವು ಇವ್ರ ಪುಡಕಿ ಕಟ್ಟೂದು ನೋಡಿಲ್ಲ. ಸಕ್ರಿ ಎಲ್ಲಾ ನೆಲಕ್ಕ ಇರ್ತದ.” ನಗುತ್ತಲೇ ಹೇಳಿದರು. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು.

ಪರೀಕ್ಷೆ ಚಿತ್ತಾಪುರದಲ್ಲಿ, ಒಂದು ಶಾಲೆಯಲ್ಲಿ. ಜೊತೆಗೆ ನಾನೂ ಹೊರಟೆ. ವಾಡಿಯಲ್ಲಿ ಗಾಡಿ ಬದಲಿಸಬೇಕು. ಪ್ಲಾಟ್‌ಫಾರ್ಮಿನಲ್ಲಿ ಮಾಸ್ತರು ಹಮಾಲನನ್ನು ಕನ್ನಡದಲ್ಲಿ ಮಾತಾಡಿಸಿದರು, ಚಹಾದವನನ್ನು ಕನ್ನಡದಲ್ಲಿ ಬೈದರು, ಆಮೇಲೆ ಸ್ಟೇಷನ್ ಮಾಸ್ತರರ ಕೋಣೆಗೆ ಹೋಗಿ ಶೇರವಾನಿ ಸರಿಮಾಡಿಕೊಂಡು, ಚಿತ್ತಾಪುರದ ಗಾಡಿ ಎಷ್ಟೊತ್ತಿಗೆ ಎಂದು ಉರ್ದುವಿನಲ್ಲಿ ಕೇಳಿದರು. ಸ್ಟೇಷನ್ ಮಾಸ್ತರರೂ ನಮ್ಮ ಕಡೆಯ ಕನ್ನಡದವರೇ, ಉತ್ತರವನ್ನು ಕನ್ನಡದಲ್ಲೇ ಕೊಟ್ಟರು. ನಾನು ಇದನ್ನು ನೋಡಿದೆ. ನೋಡಿಯೂ ತಲೆಗೆ ಹೋಗಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಹಸಿರು ಬಟ್ಟೆ ಹಾಸಿದ ಮೇಜು. ಅದರ ಹಿಂದೆ ಕೋಟು ತೊಟ್ಟ, ಒಳ್ಳೆಯ ಮುಖದ ಪರೀಕ್ಷಕರು. ಜವಾನ ನನ್ನನ್ನು ಬಾಗಿಲಲ್ಲಿ ನಿಲ್ಲಲು ಬಿಟ್ಟ.

“ಬನ್ನಿ ಮೇಷ್ಟ್ರೇ, ಕೂತ್ಕೊಳಿ. ನಿಮ್ಮೂರು ಯಾವ್ದು? ಅದರ ವಿಷಯ ಏನಾದ್ರೂ ಹೇಳಿ.”

ಮಾಸ್ತರು ಕೂರಲಿಲ್ಲ. ಸೊಂಟ ಬಾಗಿಸಿ, “ಹುಜೂರ್, ಬಂದೇ ಕಾ ವತನ್ ಸೇಡಂ ಹೈ,” ಎಂದು ಉರ್ದುವಿನಲ್ಲಿ ಊರು ಹೇಳಿದರು.

“ಕನ್ನಡದಲ್ಲಿ ಹೇಳಿ.”

“ಜೀ ಹುಜೂರ್.”

ಪರೀಕ್ಷಕರು ಪೆನ್ನು ಕೈಗೆತ್ತಿಕೊಂಡರು.

“ಹೇಳಿ ಮತ್ತೆ.”

“ಜೀ ಹುಜೂರ್.”

ಫ್ಯಾನು ಇರಲಿಲ್ಲ. ಮಾಸ್ತರ ಕುತ್ತಿಗೆಯಿಂದ ಬೆವರು ಇಳಿದು ಶೇರವಾನಿಯೊಳಗೆ ಹೋಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಪ್ರಾತಃಕಾಲ ಬರಲಿಲ್ಲ, ಪ್ರತಿದಿನ ಬರಲಿಲ್ಲ, ಹಾಲಿನವಳ ಜೊತೆ ಆಡುವ ಮಾತೂ ಬರಲಿಲ್ಲ. ಪರೀಕ್ಷಕರು ಸ್ವಲ್ಪ ಹೊತ್ತು ಕಾದು, “ಊಟ ಮುಗಿಸಿ ಇನ್ನೊಂದ್ ಸಲ ಬನ್ನಿ. ಆಮೇಲೆ ನನ್ ಕೈಲಿ ಏನೂ ಇರಲ್ಲ,” ಎಂದರು.

ಹೊರಗೆ ಬಂದು ನಾನು ಸಿಟ್ಟಿನಿಂದಲೇ ಕೇಳಿದೆ, ಇದೇನು ಮಾಡಿದಿರಿ ಎಂದು. ಅವರು ಕಂಬಕ್ಕೆ ಆನಿಕೊಂಡು ನಿಂತು, ಇದರಲ್ಲಿ ತಿಳಿಯದ್ದು ಏನಿದೆ ಎನ್ನುವಂತೆ ನೋಡಿದರು.

“ಅವ್ರು ಸರಕಾರ ಇದ್ದಾರ್ರೀ ಪಂಡಿತ್ರ. ಸರಕಾರದ ಮುಂದ ಮನಿ ಮಾತು ಹ್ಯಾಂಗ ಆಡೂದು? ಬನಿಯನ್ ಮ್ಯಾಲ ಕಚೇರಿಗಿ ಹೋದಂಗ ಆಗ್ತದ. ನಮ್ಮಪ್ಪ ಒಮ್ಮೆ ತಹಸೀಲ್ದಾರ ಮುಂದ ಕನ್ನಡದಾಗ ಮಾತಾಡಿ ಗವಾರ ಅನ್ನಿಸ್ಕೊಂಡು ಬಂದಿದ್ದ. ಮರುದಿನಾನೇ ನನ್ನ ಉರ್ದು ಸಾಲಿಗಿ ಹಚ್ಚಿದ. ಆ ಮೇಜ ನೋಡಿದ್ ಕೂಡ್ಲೇ ನಾಲಿಗಿ ತಾನೇ ಶೇರವಾನಿ ಹಾಕ್ಕೋತದ. ನಾ ಏನ್ ಮಾಡ್ಲಿ?”

ಎರಡು ಸಲ ಅವರು ನಪಾಸಾದದ್ದು ಕನ್ನಡ ಬಾರದ್ದರಿಂದಲ್ಲ, ಮರ್ಯಾದೆಯಿಂದ. ಇಷ್ಟು ದಿನ ನಾನು ಬೇರೆಯೇ ರೋಗಕ್ಕೆ ಔಷಧ ಕೊಡುತ್ತಿದ್ದೆ.

ಶಾಲೆಯ ಅಂಗಳದ ಬೇವಿನ ಕಟ್ಟೆಯ ಮೇಲೆ ವೈನಿ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಖಾರದ ಶೇಂಗಾ ಹಿಂಡಿ, ಡಬ್ಬಿಯಲ್ಲಿ ಮೊಸರು. ಇಬ್ಬರಿಗೂ ಹಸಿವಿರಲಿಲ್ಲ. ಅಷ್ಟರಲ್ಲಿ ಪರೀಕ್ಷಕರು ಹೊರಗೆ ಬಂದರು. ಸೆಕೆಗೆ ಕೋಟು ಕಳಚಿದ್ದರು. ಜವಾನ ಬಜಾರದಿಂದ ತಂದುಕೊಟ್ಟ ಪೊಟ್ಟಣ ಬಿಚ್ಚಿ, ಒಳಗಿದ್ದದ್ದು ಏನೆಂದು ನೋಡದೆ, ಒಂದು ಇಡೀ ಮಿರ್ಚಿ ಭಜಿಯನ್ನು ಬಾಯಿಗೆ ಹಾಕಿಕೊಂಡರು. ಮುಂದಿನ ಗಳಿಗೆಯಲ್ಲಿ ಅವರ ಕಣ್ಣು ಮೂಗು ಎಲ್ಲ ನೀರು. ಬಿಕ್ಕಳಿಕೆ ಹತ್ತಿಕೊಂಡು ಮಾತು ಹೊರಡಲೊಲ್ಲದು.

ನಾನು ಏಳುವುದರೊಳಗೆ ಮಾಸ್ತರು ಅಲ್ಲಿದ್ದರು.

“ನೀರು ಕುಡೀಬ್ಯಾಡ್ರಿ, ನೀರಿಗಿ ಇನ್ನಾ ಹೆಚ್ಚಾಗ್ತದ. ಬರ್ರಿ ಇಲ್ಲಿ, ನೆರಳಿಗಿ ಕುಂದ್ರಿ. ಈ ಮೊಸರು ತಗೋರಿ. ನುಂಗಬ್ಯಾಡ್ರಿ, ಬಾಯಾಗ ಹಿಡೀರಿ. ಹಾಂ, ಹಾಂಗ. ಯಾವ ಮೂಳ ತಂದುಕೊಟ್ಟಾನ್ರೀ ನಿಮಗ ಇದು? ಹೊಸಬ್ರಿಗಿ ಕೊಡೂವಂಥ ಭಜಿ ಏನು ಇದು? ರೊಟ್ಟಿ ಮುರೀರಿ. ಹಿಂಡಿ ಬ್ಯಾಡ, ನಿಮಗ ತಡೀಲಿಕ್ಕಾಗೂದಿಲ್ಲ. ಮೊಸರಷ್ಟೇ ಹಚ್ಚಿಕೊಂಡು ತಿನ್ರಿ.”

ಪರೀಕ್ಷಕರು ಚಿಕ್ಕ ಮಗುವಿನಂತೆ ಹೇಳಿದ್ದನ್ನೆಲ್ಲ ಮಾಡಿದರು. ಬಿಕ್ಕಳಿಕೆ ನಿಂತಿತು.

“ಮೊಸರು ಎಷ್ಟು ಗಟ್ಟಿಯಾಗಿದೆ ರೀ,” ಎಂದರು.

“ಭೇಷ್ ಸೆಟ್ ಆಗ್ಯಾದ.”

“ಸೆಟ್ಟಾ?”

ಕೇಳಬಾರದ್ದನ್ನು ಕೇಳಿಬಿಟ್ಟರು. ಮಾಸ್ತರು ಕಟ್ಟೆಯಿಂದ ಇಳಿದು ನಿಂತರು. ಅವರಿಗೆ ಕೂತು ಪಾಠ ಹೇಳಲು ಬರುತ್ತಿರಲಿಲ್ಲ.

“ನೋಡ್ರಿ, ನಮ್ಮ ಮನ್ಯಾಕಿ ನಿನ್ನಿ ಹೆಪ್ಪ ಹಾಕ್ಯಾಳ. ಹಾಕೂದು ಅಕೀ ಕೆಲಸ, ಆಗೂದು ಮೊಸರಿನ ಕೆಲಸ. ಇಂಗ್ಲಿಷಿನವ್ರು ಎರಡಕ್ಕೂ ಸೆಟ್ಟೇ ಅಂತಾರ. ಅಲ್ಲಿ ಆ ಗ್ವಾಡಿ ನೋಡ್ರಿ. ಗೌಂಡಿ ಕಲ್ಲು ಕುಂದ್ರಸ್ಯಾನ, ಅದು ಸೆಟ್. ಮ್ಯಾಲಿನ ಗಿಲಾವು ಗಟ್ಟಿ ಆಗ್ಯಾದ, ಅದೂ ಸೆಟ್. ನೀವು ಮೈಸೂರ ಬಿಟ್ಟು ಇಷ್ಟು ದೂರ ಹೊಂಟು ಬಂದೀರಿ, ಅದೂ ಸೆಟ್. ಆ ಜವಾನ ನಿಮಗ ಮಿರ್ಚಿ ತಿನ್ಲಿಕ್ಕ ಹಚ್ಯಾನ, ಅದೂ ಒಂದ್ ನಮೂನಿ ಸೆಟ್.”

ಪರೀಕ್ಷಕರು ನಗತೊಡಗಿದರು. “ಎಲ್ಲಕ್ಕೂ ಒಂದೇ ಪದ ಆದ್ರೆ ಯಾವುದು ಯಾವುದೂಂತ ಗೊತ್ತಾಗೋದು ಹೇಗ್ರೀ?”

“ನಿಮ್ಮ ಮನ್ಯಾಗ ನಿಮ್ಮನ್ನ ಏನಂತ ಕರೀತಾರ?”

“ಏನೂಂದ್ರೆ, ಅಂತಾಳೆ.”

“ನಮ್ಮ ಕಡಿ ‘ಏನ್ರೀ’ ಅಂತಾರ. ಒಂದೇ ‘ಏನ್ರೀ’. ಊಟಕ್ಕ ಕರದಾಳೋ ಸಿಟ್ಟಿಗೆದ್ದು ಕರದಾಳೋ ಗೊತ್ತಾಗದ ನೀವು ಎಂದರ ಒಳಗ ಹೋಗೀರೇನು? ಹಾಂಗೇ ಇದು. ಸಂಸಾರ ಮಾಡ್ದವ್ರಿಗಿ ಗೊತ್ತಾಗ್ತದ.”

ಗಂಟೆ ಹೊಡೆಯಿತು. ಇನ್ನು ಗೆದ್ದೆವು ಎಂದುಕೊಂಡೆ. ಪರೀಕ್ಷಕರು ಒಳಗೆ ಹೋಗಿ ಕೋಟು ತೊಟ್ಟು ಮೇಜಿನ ಹಿಂದೆ ಕೂತು, ನಗುಮುಖದಿಂದಲೇ, “ಈಗ ಶುರು ಮಾಡಿ ಮೇಷ್ಟ್ರೇ,” ಎಂದರು.

“ಜೀ ಹುಜೂರ್,” ಎಂದರು ಮಾಸ್ತರು.

“ಅದೇ, ಆ ಮೊಸರಿನ ವಿಷಯವೇ ಹೇಳಿ.”

“ಜೀ ಹುಜೂರ್.”

ಪರೀಕ್ಷಕರು ಪೆನ್ನು ಕೆಳಗಿಟ್ಟರು. ಮಾಸ್ತರನ್ನು ನೋಡಿದರು, ಹಸಿರು ಬಟ್ಟೆಯನ್ನು ನೋಡಿದರು, ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ನಾನು ಸುಮ್ಮನೆ ನನ್ನ ಅಂಗಿಯ ಕಾಲರನ್ನು ಹಿಡಿದು ಜಗ್ಗಿ ತೋರಿಸಿದೆ. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಎದ್ದು ಕೋಟು ಕಳಚಿ ಕುರ್ಚಿಗೆ ಹಾಕಿ, ಮೇಜನ್ನು ಸುತ್ತಿ ಈಚೆ ಬಂದು, ಕಲ್ಲಿನ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟರು.

ಮಾಸ್ತರು ಗಾಬರಿಯಾದರು. ಅವರ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

“ನೆಲಾ ಥಂಡಿ ಅದ ಸಾಹೇಬ್ರ,” ಎಂದರು. “ಏಳ್ರಿ, ಮ್ಯಾಲ ಕುಂದ್ರಿ.”

ಅವರು ತಮ್ಮ ಜನ್ಮದಲ್ಲಿ ಸರಕಾರದ ಮುಂದೆ ಆಡಿದ ಮೊದಲ ಕನ್ನಡ ಮಾತು ಅದು. ಪರೀಕ್ಷಕರು ಏಳಲಿಲ್ಲ. ಕೊನೆಗೆ ಮಾಸ್ತರೇ ಶೇರವಾನಿಯ ಮೇಲಿನ ಗುಂಡಿ ಬಿಚ್ಚಿ ಎದುರಿಗೆ ಕೂತರು. ಆಮೇಲೆ ಅವರನ್ನು ನಿಲ್ಲಿಸಲು ಜವಾನ ಎರಡು ಸಲ ಒಳಗೆ ಬಂದು ಹೋಗಬೇಕಾಯಿತು.

ಇಲ್ಲೊಂದು ತೊಡಕಿದೆ, ಹೇಳಿಬಿಡುತ್ತೇನೆ. ಎಷ್ಟೋ ವರ್ಷಗಳ ಮೇಲೆ ಮೈಸೂರಿನ ಒಂದು ಸಭೆಯಲ್ಲಿ ಆ ಪರೀಕ್ಷಕರು ನನಗೆ ಸಿಕ್ಕರು. ಮಿರ್ಚಿ ಭಜಿ ಅವರಿಗೆ ಚೆನ್ನಾಗಿ ನೆನಪಿತ್ತು. ಆದರೆ ನೆಲದ ಮೇಲೆ ಕೂತದ್ದನ್ನು ಒಪ್ಪಲಿಲ್ಲ. “ನನಗಾಗಲೇ ಮಂಡಿನೋವು ಇತ್ತು ಕಣ್ರೀ. ಕೂತಿದ್ರೆ ಏಳೋಕೆ ಆಗ್ತಿರಲಿಲ್ಲ. ಕುರ್ಚಿ ಈಚೆ ಎಳ್ಕೊಂಡಿರಬೇಕು, ಅಷ್ಟೇ,” ಎಂದರು. ನಾನೂ ಯೋಚಿಸಿದೆ. ಅದು ಕಡು ಬೇಸಿಗೆ. ಚಿತ್ತಾಪುರದಲ್ಲಿ ಬೇಸಿಗೆಯಲ್ಲಿ ಯಾರಾದರೂ ನೆಲ ತಣ್ಣಗಿದೆ ಎಂದು ದೂರುತ್ತಾರೆಯೆ? ತಣ್ಣಗಿದ್ದರೆ ಪುಣ್ಯ. ಆದರೆ ಕೆಳಗೆ ಕೂತ ಅತಿಥಿಯನ್ನು ಮೇಲೆ ಕೂರಿಸಲು ಒಂದು ನೆಪ ಬೇಕು, ಬಾಯಿಗೆ ಬಂದ ನೆಪ ಅದು. ನನ್ನ ನೆನಪು ಸುಳ್ಳೇ ಇರಬಹುದು. ಆ ವಾಕ್ಯವನ್ನು ಮಾತ್ರ ನಾನು ಕಟ್ಟಿರಲಾರೆ. ನಾನು ಕಟ್ಟಿದ್ದರೆ ಇನ್ನಷ್ಟು ತರ್ಕಬದ್ಧವಾಗಿ ಕಟ್ಟುತ್ತಿದ್ದೆ.

ಪಾಸಾದರು. ನೌಕರಿ ಖಾಯಮ್ಮಾಯಿತು. ವೈನಿ ಸ್ಟಾಫಿಗೆಲ್ಲ ಹೋಳಿಗೆ ಮಾಡಿ ಬಡಿಸಿದರು. ಆ ವರ್ಷದ ಮೆಟ್ರಿಕ್ಕಿನ ಇಂಗ್ಲಿಷ್ ಫಲಿತಾಂಶ, ನನಗೆ ನೆನಪಿರುವ ಮಟ್ಟಿಗೆ, ಉಳಿದ ಶಾಲೆಗಳಿಗಿಂತ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಇದರಿಂದ ಅವರ ಪದ್ಧತಿಯ ಬಗ್ಗೆ ಏನು ಸಿದ್ಧವಾಗುತ್ತದೋ ನಾನು ಹೇಳಲಾರೆ.

ತೊಂದರೆ ಶುರುವಾದದ್ದು ಆಮೇಲೆ. ಸರಕಾರದ ಜೊತೆ ಮನೆ ಮಾತು ಆಡಬಹುದು ಎಂದು ಒಮ್ಮೆ ಗೊತ್ತಾದ ಮೇಲೆ ಅವರನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ. ಪೋಸ್ಟ್ ಮಾಸ್ತರರಿಗೆ ಅವರ ಮಗಳ ಮದುವೆಯ ಬಗ್ಗೆ ಸಲಹೆ ಕೊಟ್ಟರು. ಠಾಣೆಯ ಫೌಜದಾರನಿಗೆ, ಹೊಟ್ಟೆ ಬಂದಿದೆ, ಮುಂಜಾನೆ ನಡೆಯಬೇಕು ಎಂದರು. ಶಾಲೆಯ ತಪಾಸಣೆಗೆ ಮೇಲಧಿಕಾರಿಗಳು ಬಂದಾಗ ನಾವೆಲ್ಲ ಕೈ ಕಟ್ಟಿ ನಿಂತಿದ್ದೆವು. ಮಾಸ್ತರು ಮುಂದೆ ಹೋಗಿ, “ಬರ್ರಿ ಸಾಹೇಬ್ರ, ಹೋದ ಸಲಕ್ಕಿಂತ ಭಾಳ ಸೊರಗೀರಲ್ಲ? ಮನ್ಯಾಗ ಊಟಕ್ಕ ಸರಿಯಾಗಿ ಹಾಕಲಿಕತ್ತಿಲ್ಲೇನು?” ಎಂದು ಕೇಳಿದರು. ಹೆಡ್‌ಮಾಸ್ತರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಹಲ್ಲಿನ ಸೆಟ್ಟು ಜಾರುವುದೆಂಬ ಭಯವೋ ನಗುವೋ ತಿಳಿಯಲಿಲ್ಲ. ಅಧಿಕಾರಿಗಳು ತಪಾಸಣೆ ಮುಗಿಸಿ ಹೋದರು. ಸ್ವಲ್ಪ ದಿನಕ್ಕೆ ಮಾಸ್ತರಿಗೆ ಚಿಂಚೋಳಿಗೆ ವರ್ಗವಾಯಿತು.

ಕಳಿಸಲು ನಾನು, ಡ್ರಾಯಿಂಗ್ ಮಾಸ್ತರು, ಮೆಟ್ರಿಕ್ ಹುಡುಗರೆಲ್ಲ ಬಸ್ ಸ್ಟ್ಯಾಂಡಿಗೆ ಹೋಗಿದ್ದೆವು. ಹುಡುಗರ ಮುಖ ಸಪ್ಪಗಿತ್ತು, ನನ್ನದೂ ಇತ್ತೆಂದು ಕಾಣುತ್ತದೆ. ಟ್ರಂಕು ಮೇಲೆ ಹೋಯಿತು, ವೈನಿ ಮಗನೊಡನೆ ಒಳಗೆ ಹೋಗಿ ಕೂತರು. ಮಾಸ್ತರು ಮಾತ್ರ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹುಡುಗರಿಗೆ ಸೆಟ್ಟಿನ ಉಳಿದ ಅರ್ಥಗಳನ್ನು ಹೇಳುತ್ತಿದ್ದರು. ಡ್ರೈವರು ಹಾರ್ನು ಹೊಡೆದ. ಇನ್ನೊಮ್ಮೆ ಹೊಡೆದ. ಖಾಕಿ ತೊಟ್ಟ ಕಂಡಕ್ಟರ್ ಹಿಂದಿನಿಂದ ಜನರನ್ನು ಸರಿಸಿಕೊಂಡು ಬಂದ.

“ಏ ಮಾಸ್ತರ, ಒಳಗ ಹೋಗಿ ಕುಂದ್ರತೀರೋ, ಇಳೀತೀರೋ? ನಿಮ್ಮ ಪುರಾಣ ಮುಗಿಯೂತನಾ ಸರಕಾರಿ ಬಸ್ಸು ನಿಂದ್ರೂದಿಲ್ಲ. ಎಷ್ಟ್ ಸಲ ಹೇಳಬೇಕ್ರೀ ನಿಮಗ?”

ವೈನಿ ನಾಚಿ ಸೆರಗು ಮುಂದೆ ಎಳೆದುಕೊಂಡರು. ಬಸ್ಸು ಹೊರಟಿತು. ಮಾಸ್ತರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಮುಖದ ತುಂಬ ನಗು.

“ಕೇಳಿದ್ರೇನು ಪಂಡಿತ್ರ? ಸರಕಾರ ಬೈಲಿಕತ್ತದ. ಖರೇ ಮನ್ಯಾಗ ಬೈದಂಗೇ ಬೈಲಿಕತ್ತದ.”